ಬ್ರೆನ್ನರ್ ಘಟ್ಟವನ್ನು ದಾಟುವ ಲಾರಿ

ಯುರೋಪ್ ಖಂಡದ ಭೂಪಟವನ್ನು ಬಿಡಿಸಿ ನೋಡಿದರೆ, ಇಟಲಿ ದೇಶದ ನೆತ್ತಿಯ ಮೇಲೆ ಬಿಲ್ಲಿನಂತೆ ಬಾಗಿ ನಿಂತಿರುವ ಆಲ್ಪ್ಸ್ ಪರ್ವತಶ್ರೇಣಿಯು ಕಣ್ಣಿಗೆ ಬೀಳುತ್ತದೆ. ಉತ್ತರದ ಜರ್ಮನಿ, ಆಸ್ಟ್ರಿಯಗಳಿಗೂ ದಕ್ಷಿಣದ ಇಟಲಿಗೂ ನಡುವೆ ನಿಸರ್ಗವೇ ಕಟ್ಟಿರುವ ಕೋಟೆ ಇದು. ಈ ಕೋಟೆಗಿರುವ ಬಾಗಿಲುಗಳಲ್ಲಿ ಬಹಳ ತಗ್ಗಾದವುಗಳಲ್ಲೊಂದು ಬ್ರೆನ್ನರ್ ಘಟ್ಟ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 1,370 ಮೀಟರ್. ರೋಮನರ ಕಾಲದಿಂದಲೂ ಜನ, ದನ, ಸರಕು, ಸೈನ್ಯ ಎಲ್ಲವೂ ಈ ಹಾದಿಯಲ್ಲಿ ಹರಿದಿವೆ. ಒಂದನೆಯ ಮಹಾಯುದ್ಧವು ಮುಗಿದ ಮೇಲೆ, 1919ರ ಸಂಧಾನದ ಪ್ರಕಾರ, ಆಸ್ಟ್ರಿಯ ಮತ್ತು ಇಟಲಿಗಳ ಗಡಿಯು ಇದೇ ಘಟ್ಟದ ನೆತ್ತಿಯ ಮೇಲೆ ಹಾದುಹೋಯಿತು.

ಇತ್ತೀಚಿನ ವರ್ಷಗಳಲ್ಲಿ ಈ ಘಟ್ಟವನ್ನು ದಾಟುವ ಭಾರವಾದ ಲಾರಿಗಳ ಸಂಖ್ಯೆ ವರ್ಷಕ್ಕೆ 20 ಲಕ್ಷವನ್ನು ಮೀರಿದೆ. 20 ಲಕ್ಷವೆಂದೇ ಇಟ್ಟುಕೊಂಡರೂ ದಿನಕ್ಕೆ ಸುಮಾರು 5,500 ಲಾರಿಗಳಾದುವು. ಹಗಲಿರುಳೆನ್ನದೆ ಹಂಚಿದರೆ ನಿಮಿಷಕ್ಕೆ ಹೆಚ್ಚುಕಡಮೆ ನಾಲ್ಕು. ಈ ಲಾರಿಗಳ ವಿಷಯವಾಗಿ ನೆರೆಹೊರೆಯ ದೇಶಗಳ ನಡುವೆ ವ್ಯಾಜ್ಯಗಳೆದ್ದಿವೆ, ಕಣಿವೆಯ ಜನ ರಸ್ತೆಗಿಳಿದು ಕುಳಿತಿದ್ದಾರೆ, ಬೆಟ್ಟದ ಬುಡದಲ್ಲಿ ಪ್ರಪಂಚದಲ್ಲೇ ಅತಿ ದೀರ್ಘವಾದ ರೈಲು ಸುರಂಗಗಳಲ್ಲೊಂದು ಸಿದ್ಧವಾಗುತ್ತಿದೆ. ಇಷ್ಟೆಲ್ಲಕ್ಕೂ ಕಾರಣವೇನೆಂಬುದನ್ನು ತಿಳಿಯಬೇಕಾದರೆ ರಾಜಕೀಯಕ್ಕಿಂತ ಮೊದಲು ಭೌತವಿಜ್ಞಾನದ ಬಾಗಿಲನ್ನು ತಟ್ಟುವುದು ಮೇಲು. ಪ್ರೌಢಶಾಲೆಯಲ್ಲಿ ಕಲಿತ ಬಲ, ಕೆಲಸ, ಶಾಖಗಳ ಲೆಕ್ಕವೇ ಇಲ್ಲಿ ಬಹುಮಟ್ಟಿಗೆ ಸಾಕಾಗುತ್ತದೆ.

ಪೂರ್ತಿ ಲೋಡಿನ ಅರ್ಥ

ಸರಕನ್ನು ಲಾರಿಯಲ್ಲಿ ಕಳುಹಿಸುವ ಕ್ರಮಗಳು ಎರಡು. ಹಲವು ವರ್ತಕರ ಚಿಲ್ಲರೆ ಮೂಟೆಗಳನ್ನು ಒಂದೇ ಲಾರಿಯಲ್ಲಿ ಹೇರಿ, ಊರೂರಿಗೆ ಇಳಿಸುತ್ತ ಹತ್ತಿಸುತ್ತ ಸಾಗುವುದು ಒಂದು. ಒಬ್ಬನೇ ವರ್ತಕನು ಇಡೀ ಲಾರಿಯನ್ನು ಬಾಡಿಗೆಗೆ ಹಿಡಿದು, ತನ್ನ ಕಾರ್ಖಾನೆಯ ಬಾಗಿಲಲ್ಲಿ ತುಂಬಿಸಿ, ಕೊಳ್ಳುವವನ ಉಗ್ರಾಣದ ಬಾಗಿಲಲ್ಲಿ ಇಳಿಸುವುದು ಇನ್ನೊಂದು. ಈ ಎರಡನೆಯದೇ ಪೂರ್ತಿ ಲೋಡು. ನಡುದಾರಿಯಲ್ಲಿ ಯಾರೂ ಅದರ ಬಾಗಿಲನ್ನು ತೆರೆಯುವುದಿಲ್ಲ. ಸರಕನ್ನು ಮುಟ್ಟುವ ಕೈಗಳು ಕಡಮೆಯಾದುದರಿಂದ ಒಡೆಯುವುದೂ ಕಳೆಯುವುದೂ ಕಡಮೆ.

ಗಡಿಯನ್ನು ದಾಟುವಾಗ ಈ ಮುಚ್ಚಿದ ಬಾಗಿಲಿಗೆ ಮತ್ತೊಂದು ಮಹತ್ವವುಂಟು. ಸುಂಕದ ಕಟ್ಟೆಯಲ್ಲಿ ಪ್ರತಿಯೊಂದು ಪೆಟ್ಟಿಗೆಯನ್ನೂ ಬಿಚ್ಚಿ ನೋಡುವುದಾದರೆ ಲಾರಿಯು ದಿನಗಟ್ಟಲೆ ನಿಲ್ಲಬೇಕಾದೀತು. ಆದುದರಿಂದ ಹೊರಡುವ ಊರಿನಲ್ಲಿಯೇ ಸುಂಕದ ಅಧಿಕಾರಿಗಳು ಬಾಗಿಲಿಗೆ ಮುದ್ರೆಯನ್ನೊತ್ತಿ ಕಳುಹಿಸುವುದು, ನಡುವಿನ ದೇಶಗಳು ಆ ಮುದ್ರೆ ಅಭಂಗವಾಗಿದೆಯೆ ಎಂದಷ್ಟೇ ನೋಡಿ ಬಿಡುವುದು, ಎಂಬ ಏರ್ಪಾಡು ಬಂದಿತು. ಟಿ.ಐ.ಆರ್. ಎಂಬ ಹೆಸರಿನ ಈ ಅಂತರರಾಷ್ಟ್ರೀಯ ಒಡಂಬಡಿಕೆಯು 1959ರಲ್ಲಿ ರೂಪುಗೊಂಡು 1975ರಲ್ಲಿ ಪರಿಷ್ಕೃತವಾಯಿತು. ಭಾರತವು 2017ರಲ್ಲಿ ಅದನ್ನು ಸೇರಿತು. ಬ್ರೆನ್ನರ್‌ನಲ್ಲಂತೂ ಇಂದು ಸುಂಕದ ಕಟ್ಟೆಯೇ ಇಲ್ಲ. 1995ರಲ್ಲಿ ಆಸ್ಟ್ರಿಯವು ಯುರೋಪಿನ ಒಕ್ಕೂಟವನ್ನು ಸೇರಿದುದರಿಂದ ಸುಂಕವು ಹೋಯಿತು. 1998ರ ಏಪ್ರಿಲ್ 1ರಂದು ಗಡಿಯ ಅಡ್ಡಗಂಬವನ್ನೂ ಕಿತ್ತುಹಾಕಿದರು. ಮನುಷ್ಯನು ಹಾಕಿದ ತಡೆಗಳು ಹೋದುವು. ಆದರೆ ಬೆಟ್ಟವು ಹಾಕಿದ ತಡೆ ಹೋಗಲಿಲ್ಲ.

ತೂಕವೂ ಗಾತ್ರವೂ

ಈ ಹಾದಿಯ ಸಾಮಾನ್ಯ ಲಾರಿಯ ಒಟ್ಟು ತೂಕದ ಮಿತಿ 40 ಟನ್. ಎಳೆಯುವ ಬಂಡಿ ಮತ್ತು ಅದರ ಹಿಂದಿನ ಟ್ರೈಲರ್ ಇವೆರಡರ ಸ್ವಂತ ತೂಕವೇ ಸುಮಾರು 15 ಟನ್ ಆಗುವುದರಿಂದ, ಸರಕಿಗೆ ಉಳಿಯುವುದು 25 ಟನ್. ಟ್ರೈಲರಿನ ಒಳಗಿನ ಜಾಗವು ಸುಮಾರು 90 ಘನಮೀಟರ್. ಹೀಗಿರುವಾಗ ಲಾರಿ ತುಂಬಿತೆಂದು ಹೇಳುವುದು ಯಾವಾಗ? ತೂಕ ಮುಗಿದಾಗಲೋ, ಜಾಗ ಮುಗಿದಾಗಲೋ? 25,000 ಕಿಲೋಗ್ರಾಮನ್ನು 90ರಿಂದ ಭಾಗಿಸಿ ನೋಡೋಣ. ಘನಮೀಟರಿಗೆ ಸುಮಾರು 280 ಕಿಲೋಗ್ರಾಮ್ ಬರುತ್ತದೆ. ಸರಕಿನ ಸಾಂದ್ರತೆಯು ಇದಕ್ಕಿಂತ ಹೆಚ್ಚಾಗಿದ್ದರೆ ತೂಕವು ಮೊದಲು ಮುಗಿಯುತ್ತದೆ. ಕಡಮೆಯಿದ್ದರೆ ಜಾಗವು ಮೊದಲು ಮುಗಿಯುತ್ತದೆ. ನೀರಿನ ಸಾಂದ್ರತೆ ಘನಮೀಟರಿಗೆ 1,000 ಕಿಲೋಗ್ರಾಮ್ ಅಲ್ಲವೆ? ಆದಕಾರಣ ಕುಡಿಯುವ ನೀರಿನ ಬಾಟಲಿಗಳನ್ನು ಹೇರಿದ ಲಾರಿಯು ಮುಕ್ಕಾಲು ಪಾಲು ಬರಿದಾಗಿ ಕಂಡರೂ ಅದು ಪೂರ್ತಿ ಲೋಡೇ ಸರಿ. ಹಾಸಿಗೆಯ ಸ್ಪಂಜನ್ನು ಹೇರಿದ ಲಾರಿಯು ಮಾಡಿನವರೆಗೆ ತುಂಬಿದ್ದರೂ ಹಗುರವಾಗಿಯೇ ಇರುತ್ತದೆ.

ತುಂಬಿದ ಲಾರಿಗೂ ಅರೆ ತುಂಬಿದ ಲಾರಿಗೂ ಇರುವ ಭೇದವನ್ನು ಗಮನಿಸಬೇಕು. ತುಂಬಿದ ಲಾರಿಯಲ್ಲಿ 25 ಟನ್ ಸರಕಿಗಾಗಿ 40 ಟನ್ ಭಾರವನ್ನು ಬೆಟ್ಟದ ಮೇಲಕ್ಕೆ ಎತ್ತುತ್ತೇವೆ. ಅಂದರೆ ಒಂದು ಟನ್ ಸರಕಿಗೆ 1.6 ಟನ್. ಸರಕು ಅರ್ಧವೇ ಇದ್ದರೆ 12.5 ಟನ್ನಿಗಾಗಿ 27.5 ಟನ್ ಎತ್ತಬೇಕು. ಒಂದು ಟನ್ನಿಗೆ 2.2 ಟನ್ ಆಯಿತು. ಹಿಂದಿರುಗುವಾಗ ಬರಿದಾಗಿ ಬಂದರೆ ಆ 15 ಟನ್ನನ್ನು ಎತ್ತಿದುದು ಪೂರ್ತಿ ವ್ಯರ್ಥ. ಹೋಗುವಾಗಲೂ ಬರುವಾಗಲೂ ಲಾರಿಯು ತುಂಬಿರಬೇಕೆಂದು ಸಾಗಣೆಯವರು ಹಂಬಲಿಸುವುದಕ್ಕೆ ಹಣವೊಂದೇ ಕಾರಣವಲ್ಲ. ಶಕ್ತಿಯ ಉಳಿತಾಯದ ದೃಷ್ಟಿಯಿಂದಲೂ ಅದೇ ಸರಿ.

ಏರುವ ಕೆಲಸ

ಆಸ್ಟ್ರಿಯದ ಇನ್ಸ್‌ಬ್ರುಕ್ ನಗರವು 574 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಘಟ್ಟದ ನೆತ್ತಿಗೆ ಸುಮಾರು 35 ಕಿ.ಮೀ. ದೂರ, ಸುಮಾರು 800 ಮೀಟರ್ ಏರು. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನೂ ಗುಣಿಸಿದರೆ ಲಾರಿಯು ಪಡೆಯುವ ಪ್ರಚ್ಛನ್ನಶಕ್ತಿಯು ದೊರೆಯುತ್ತದೆ. 40,000 ಕಿಲೋಗ್ರಾಮ್, 9.8, 800 ಇವುಗಳ ಗುಣಲಬ್ಧವು ಸುಮಾರು 31 ಕೋಟಿ ಜೂಲ್. ಮನೆಯ ವಿದ್ಯುತ್ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಇದು 87 ಯೂನಿಟ್.

ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 3.6 ಕೋಟಿ ಜೂಲ್ ಶಾಖವು ಹೊರಬೀಳುತ್ತದೆ. ಎಂಜಿನ್ನು ಅದರಲ್ಲಿ ನೂರಕ್ಕೆ 40ರಷ್ಟನ್ನು ಕೆಲಸವಾಗಿ ಮಾರ್ಪಡಿಸುತ್ತದೆಂದು ಭಾವಿಸಿದರೆ, ಎತ್ತುವ ಕೆಲಸವೊಂದಕ್ಕೇ 22 ಲೀಟರ್ ಬೇಕು. ಇದೇ 35 ಕಿ.ಮೀ. ದಾರಿಯು ಸಮತಟ್ಟಾಗಿದ್ದಿದ್ದರೆ ಟೈರುಗಳ ಉರುಳು ಘರ್ಷಣೆಯನ್ನೂ ಗಾಳಿಯ ತಡೆಯನ್ನೂ ಗೆಲ್ಲಲು 10 ಲೀಟರ್ ಸಾಕಾಗುತ್ತಿತ್ತು. ಏರಿನಿಂದಾಗಿ ಖರ್ಚು ಮೂರು ಪಟ್ಟಾಯಿತು. ವೇಗವೂ ಇಳಿಯುತ್ತದೆ. ನೂರು ಮೀಟರಿಗೆ ಆರು ಮೀಟರ್ ಏರುವ ಕಡೆ ಲಾರಿಯನ್ನು ಹಿಂದಕ್ಕೆಳೆಯುವ ಬಲವು, ಟೈರಿನ ಘರ್ಷಣೆಯೂ ಸೇರಿ, 26,000 ನ್ಯೂಟನ್ನಿನ ಹತ್ತಿರಕ್ಕೆ ಬರುತ್ತದೆ. ಚಕ್ರಗಳಿಗೆ 300 ಕಿಲೊವಾಟ್ ಸಾಮರ್ಥ್ಯವು ತಲುಪಿದರೂ ಲಾರಿಯು ಗಂಟೆಗೆ 42 ಕಿ.ಮೀ. ವೇಗವನ್ನು ಮೀರಲಾರದು.

ಇಳಿಯುವ ಕಷ್ಟ

ಏರುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಲೋಕರೂಢಿ. ಲಾರಿಯ ಮಟ್ಟಿಗೆ ಇದು ನಿಜವಲ್ಲ. ಘಟ್ಟದ ನೆತ್ತಿಯಲ್ಲಿ ಕೂಡಿಟ್ಟ ಪ್ರಚ್ಛನ್ನಶಕ್ತಿಯು ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕು. ಅದಕ್ಕೆ ದಾರಿ ತೋರಿಸದಿದ್ದರೆ ಅದು ಚಲನಶಕ್ತಿಯಾಗಿ ಲಾರಿಯನ್ನು ಹುಚ್ಚುವೇಗಕ್ಕೆ ತಳ್ಳುತ್ತದೆ.

ಆರು ಮೀಟರಿನ ಅದೇ ಇಳಿಜಾರಿನಲ್ಲಿ ಗಂಟೆಗೆ 60 ಕಿ.ಮೀ. ಸಮವೇಗದಿಂದ ಇಳಿಯುತ್ತಿರುವ ಲಾರಿಯನ್ನು ಕಲ್ಪಿಸಿಕೊಳ್ಳಿ. ಕೆಳಕ್ಕೆಳೆಯುವ ಬಲವು 23,500 ನ್ಯೂಟನ್. ಟೈರು ಮತ್ತು ಗಾಳಿಗಳ ತಡೆಯು 3,300ರಷ್ಟನ್ನು ಕಳೆಯುತ್ತದೆ. ಉಳಿದ ಸುಮಾರು 20,000 ನ್ಯೂಟನ್ನನ್ನು ಬ್ರೇಕು ತಡೆಯಬೇಕು. ಇದನ್ನು ಸೆಕೆಂಡಿಗೆ 16.7 ಮೀಟರ್ ವೇಗದಿಂದ ಗುಣಿಸಿದರೆ ಸುಮಾರು 335 ಕಿಲೊವಾಟ್. ಎಂಜಿನ್ನು ತನ್ನೆಲ್ಲ ಶಕ್ತಿಯನ್ನೂ ಹಾಕಿ ಏರಿಸುವಷ್ಟೇ ಕೆಲಸವನ್ನು ಬ್ರೇಕುಗಳು ತಿರುಗುಮುರುಗಾಗಿ ಮಾಡಬೇಕೆಂದಾಯಿತು.

ಈ ಶಕ್ತಿಯೆಲ್ಲ ಬ್ರೇಕಿನ ಕಬ್ಬಿಣದಲ್ಲಿ ಶಾಖವಾಗುತ್ತದೆ. ಹತ್ತು ಬ್ರೇಕುಗಳ ಕಬ್ಬಿಣದ ಒಟ್ಟು ತೂಕ 450 ಕಿಲೋಗ್ರಾಮ್ ಎಂದೂ, ಗಾಳಿಗೆ ಹೋಗುವ ಶಾಖವು ಅತ್ಯಲ್ಪವೆಂದೂ ಇಟ್ಟುಕೊಳ್ಳೋಣ. ಕಬ್ಬಿಣದ ವಿಶಿಷ್ಟೋಷ್ಣವನ್ನು ಬಳಸಿ ಲೆಕ್ಕ ಹಾಕಿದರೆ ಉಷ್ಣತೆಯು ಸೆಕೆಂಡಿಗೆ ಒಂದೂವರೆ ಡಿಗ್ರಿಗಿಂತ ಹೆಚ್ಚಾಗಿ ಏರುತ್ತದೆ. ಮೂರು ನಿಮಿಷದಲ್ಲಿ ಏರಿಕೆಯು ಸುಮಾರು 290 ಡಿಗ್ರಿ. ಲಾರಿಯು ಅಷ್ಟರಲ್ಲಿ ಕ್ರಮಿಸಿದ ದಾರಿ ಕೇವಲ ಮೂರು ಕಿ.ಮೀ.! ಮುಂದಕ್ಕೂ ಹೀಗೆಯೇ ಒತ್ತುತ್ತ ಹೋದರೆ ಬ್ರೇಕಿನ ಪಟ್ಟಿಗಳು ಕಾದು ತಮ್ಮ ಹಿಡಿತವನ್ನು ಕಳೆದುಕೊಳ್ಳುತ್ತವೆ. ಚಾಲಕನು ಎಷ್ಟು ಬಲವಾಗಿ ಒತ್ತಿದರೂ ಫಲವಿಲ್ಲ.

ನಮ್ಮ ಶಿರಾಡಿ, ಚಾರ್ಮಾಡಿ ಘಟ್ಟಗಳಲ್ಲಿ ಓಡಾಡುವ ಚಾಲಕರು ಇದನ್ನು ಪುಸ್ತಕ ಓದದೆಯೇ ಬಲ್ಲರು. ಹತ್ತುವಾಗ ಹಾಕಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಅವರ ನಿಯಮ. ಕೆಳಗಿನ ಗೇರಿನಲ್ಲಿ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತವೆ. ಎಂಜಿನ್ನು ಗಾಳಿಯನ್ನು ಅದುಮುತ್ತ ಶಕ್ತಿಯನ್ನು ನುಂಗುತ್ತದೆ. ಇಂದಿನ ದೊಡ್ಡ ಲಾರಿಗಳಲ್ಲಿ ಇದರ ಜೊತೆಗೆ ನಿಧಾನಕಾರಿಯೆಂಬ ಉಪಕರಣವೂ ಇರುತ್ತದೆ. ಒಂದು ಬಗೆಯಲ್ಲಿ ಎಣ್ಣೆಯನ್ನು ಅಥವಾ ನೀರನ್ನು ಕಡೆದು ಶಾಖವಾಗಿಸುತ್ತಾರೆ. ಇನ್ನೊಂದರಲ್ಲಿ ತಿರುಗುವ ಲೋಹದ ತಟ್ಟೆಯನ್ನು ವಿದ್ಯುತ್ಕಾಂತಗಳ ನಡುವೆ ಇಡುತ್ತಾರೆ. ಫ್ಯಾರಡೆಯ ನಿಯಮದಂತೆ ತಟ್ಟೆಯಲ್ಲಿ ಸುಳಿಪ್ರವಾಹಗಳು ಹುಟ್ಟುತ್ತವೆ. ಲೆನ್ಸನ ನಿಯಮದಂತೆ ಅವು ತಮ್ಮನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತವೆ. ಸವೆಯುವ ಭಾಗವೇ ಇಲ್ಲದ ಬ್ರೇಕು! ವಿದ್ಯುತ್ ಲಾರಿಯಾದರೆ ಇಳಿಯುವಾಗ ಮೋಟಾರನ್ನೇ ಜನಕವನ್ನಾಗಿಸಿ, ಏರುವಾಗ ಖರ್ಚಾದ 87 ಯೂನಿಟ್ಟಿನಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸಬಲ್ಲುದು.

ರಸ್ತೆಯ ಸವೆತ

ಇನ್ನು ರಸ್ತೆಯ ಪಾಡನ್ನು ವಿಚಾರಿಸೋಣ. ಅಮೆರಿಕದ ಇಲಿನಾಯ್ ಪ್ರಾಂತದ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ದೊಡ್ಡದೊಂದು ಪ್ರಯೋಗ ನಡೆಯಿತು. ಬೇರೆಬೇರೆ ದಪ್ಪದ ರಸ್ತೆಗಳನ್ನು ಕಟ್ಟಿ, ಬೇರೆಬೇರೆ ಭಾರದ ಲಾರಿಗಳನ್ನು ಅವುಗಳ ಮೇಲೆ ಎಡೆಬಿಡದೆ ಓಡಿಸಿದರು. ಒಂದು ಅಚ್ಚಿನ ಮೇಲಿನ ಭಾರವು ಹೆಚ್ಚಿದಂತೆ ರಸ್ತೆಯ ಸವೆತವು ಸ್ಥೂಲವಾಗಿ ಆ ಭಾರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಆ ಪ್ರಯೋಗದಿಂದ ತಿಳಿದುಬಂದಿತು. ಕಾರಿನ ಅಚ್ಚಿನ ಮೇಲೆ ಅರ್ಧ ಟನ್, ಲಾರಿಯ ಅಚ್ಚಿನ ಮೇಲೆ 10 ಟನ್ ಎಂದುಕೊಂಡರೆ ಭಾರವು 20 ಪಟ್ಟು. 20ರ ನಾಲ್ಕನೆಯ ಘಾತವೆಂದರೆ 1,60,000. ಒಂದು ಲಕ್ಷ ಅರುವತ್ತು ಸಾವಿರ ಕಾರುಗಳ ಅಚ್ಚುಗಳು ಮಾಡುವ ಸವೆತವನ್ನು ಲಾರಿಯ ಒಂದು ಅಚ್ಚು ಮಾಡುತ್ತದೆ! ಈ ನಿಯಮವು ಎಲ್ಲ ರಸ್ತೆಗಳಿಗೂ ಕರಾರುವಾಕ್ಕಾಗಿ ಹೊಂದುವುದಿಲ್ಲವಾದರೂ ರಸ್ತೆಗಳನ್ನು ಹಾಳುಮಾಡುವವರು ಯಾರೆಂಬುದರಲ್ಲಿ ಸಂಶಯವನ್ನುಳಿಸುವುದಿಲ್ಲ.

ಬ್ರೆನ್ನರ್ ಹೆದ್ದಾರಿಯಲ್ಲಿ ಸೇತುವೆಗಳು ಬಹಳ. 1963ರಲ್ಲಿ ಮುಗಿದ ಯುರೋಪಾ ಸೇತುವೆಯು ಕಣಿವೆಯ ತಳದಿಂದ ಸುಮಾರು 190 ಮೀಟರ್ ಎತ್ತರದಲ್ಲಿದೆ. ಅದೇ ದಶಕದಲ್ಲಿ ಕಟ್ಟಿದ, ಸುಮಾರು 1.8 ಕಿ.ಮೀ. ಉದ್ದದ ಲೂಯೆಗ್ ಸೇತುವೆಯು ದಶಕಗಳ ಭಾರವನ್ನು ಹೊತ್ತು ಜೀರ್ಣವಾದುದರಿಂದ, 2025ರ ಜನವರಿಯಿಂದ ಅದರ ಮೇಲೆ ಒಂದೊಂದು ದಿಕ್ಕಿಗೆ ಒಂದೇ ಸಾಲಿನ ಸಂಚಾರವನ್ನು ಇಟ್ಟು, ಹೊಸ ಸೇತುವೆಯ ನಿರ್ಮಾಣಕ್ಕೆ ತೊಡಗಿದರು. ಕಾಗದದ ಮೇಲಿನ ನಾಲ್ಕನೆಯ ಘಾತವು ಕಾಂಕ್ರೀಟಿನಲ್ಲಿ ಬಿರುಕಾಗಿ ಕಾಣಿಸಿಕೊಳ್ಳುವುದು ಹೀಗೆ.

ಕಣಿವೆಯ ಗಾಳಿ

ಹೆದ್ದಾರಿಯು ಇಕ್ಕಟ್ಟಾದ ಕಣಿವೆಗಳಲ್ಲಿ ಹಾದುಹೋಗುತ್ತದೆ, ಊರುಗಳಿರುವುದೂ ಅಲ್ಲಿಯೇ. ಎಂಜಿನ್ನಿನ ಒಳಗಿನ ಅತ್ಯುಷ್ಣದಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಅವು ಶ್ವಾಸಕೋಶಗಳಿಗೆ ಕೆಡುಕು. ಬಯಲಿನಲ್ಲಾದರೆ ಹಗಲಿನಲ್ಲಿ ನೆಲದ ಬಳಿಯ ಬೆಚ್ಚನೆಯ ಗಾಳಿಯು ಮೇಲೇರಿ ಹೊಗೆಯನ್ನು ಚದುರಿಸುತ್ತದೆ. ಕಣಿವೆಯ ಚಳಿಗಾಲದ ರಾತ್ರಿಗಳಲ್ಲಿ ಆಗುವುದು ಬೇರೆ. ಬೆಟ್ಟದ ಇಳಿಜಾರುಗಳಿಂದ ತಣ್ಣನೆಯ ಭಾರವಾದ ಗಾಳಿಯು ಜಾರಿಬಂದು ತಳದಲ್ಲಿ ಕೊಳದಂತೆ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕುಳಿತುಕೊಳ್ಳುತ್ತದೆ. ಉಷ್ಣತೆಯ ಈ ವಿಪರ್ಯಾಸದಲ್ಲಿ ಹೊಗೆಯು ಮೇಲಕ್ಕೆ ಹೋಗಲಾರದು. ಹಗಲಿನಲ್ಲಿ ಓಡಿದ ಲಾರಿಗಿಂತ ಇರುಳಿನಲ್ಲಿ ಓಡಿದ ಅದೇ ಲಾರಿಯು ಗಾಳಿಯನ್ನು ಹೆಚ್ಚು ಕೆಡಿಸುವುದಕ್ಕೆ ಇದೇ ಕಾರಣ. ಆಸ್ಟ್ರಿಯದ ಟಿರೋಲ್ ಪ್ರಾಂತವು ಲಾರಿಗಳ ರಾತ್ರಿ ಸಂಚಾರಕ್ಕೆ ನಿರ್ಬಂಧವನ್ನು ಹಾಕಿರುವುದಕ್ಕೆ ಈ ವಾಯುವಿಜ್ಞಾನದ ಆಧಾರವುಂಟು.

ನೆರೆಯವರು ಇದನ್ನು ಸುಮ್ಮನೆ ಒಪ್ಪಲಿಲ್ಲ. 1998ರ ಜೂನ್ 12 ಮತ್ತು 13ರಂದು ಕಣಿವೆಯ ನಿವಾಸಿಗಳು ಸುಮಾರು 30 ಗಂಟೆಗಳ ಕಾಲ ಬ್ರೆನ್ನರ್ ಹೆದ್ದಾರಿಯಲ್ಲಿ ಕುಳಿತು ಸಂಚಾರವನ್ನು ತಡೆದರು. ಜರ್ಮನಿಯ ಸಾಗಣೆ ಸಂಸ್ಥೆಯೊಂದು ತನಗಾದ ನಷ್ಟವನ್ನು ಆಸ್ಟ್ರಿಯ ಸರಕಾರವು ತುಂಬಿಕೊಡಬೇಕೆಂದು ದಾವೆ ಹೂಡಿತು. ಸರಕುಗಳ ಮುಕ್ತ ಸಂಚಾರವು ಹೆಚ್ಚೋ, ಜನರು ಸಭೆ ಸೇರುವ ಹಕ್ಕು ಹೆಚ್ಚೋ ಎಂಬ ಪ್ರಶ್ನೆ ಯುರೋಪಿನ ನ್ಯಾಯಾಲಯದ ಮುಂದೆ ಬಂದಿತು. ಆ ಪ್ರದರ್ಶನಕ್ಕೆ ಅವಕಾಶ ಕೊಟ್ಟುದು ತಪ್ಪಲ್ಲವೆಂದು 2003ರಲ್ಲಿ ತೀರ್ಪಾಯಿತು. 2017ರಿಂದ ಟಿರೋಲಿನವರು ದಟ್ಟಣೆಯ ದಿನಗಳಲ್ಲಿ ಜರ್ಮನಿಯಿಂದ ಬರುವ ಲಾರಿಗಳನ್ನು ಗಡಿಯ ಬಳಿ ತಡೆದು, ಗಂಟೆಗೆ ಸುಮಾರು 300ರಂತೆ ಮಾತ್ರ ಬಿಡುವ ಕ್ರಮವನ್ನು ತಂದರು. 2024ರಲ್ಲಿ ಇಟಲಿಯು ಟಿರೋಲಿನ ನಿರ್ಬಂಧಗಳ ವಿರುದ್ಧ ಅದೇ ನ್ಯಾಯಾಲಯದ ಮೆಟ್ಟಿಲೇರಿತು. ಇಟಲಿಯ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಹಣ್ಣು ತರಕಾರಿಗಳೂ ಯಂತ್ರದ ಬಿಡಿಭಾಗಗಳೂ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಬೆಳೆದವನಿಗೂ ಕಾರ್ಖಾನೆಯ ಕೆಲಸಗಾರನಿಗೂ ನಷ್ಟವೇ.

ಬೆಟ್ಟದ ಬುಡದಲ್ಲಿ ಹಾದಿ

ಪಕ್ಕದ ಸ್ವಿಟ್ಜರ್ಲೆಂಡ್ ಬೇರೊಂದು ಮಾರ್ಗವನ್ನು ಹಿಡಿಯಿತು. ಆಲ್ಪ್ಸ್ ದಾಟುವ ಸರಕು ರೈಲಿನಲ್ಲಿಯೇ ಹೋಗಬೇಕೆಂದು 1994ರಲ್ಲಿ ಅಲ್ಲಿಯ ಜನ ಮತ ಕೊಟ್ಟರು. 2001ರಿಂದ ತೂಕಕ್ಕೂ ದೂರಕ್ಕೂ ತಕ್ಕಂತೆ ಲಾರಿಗಳಿಂದ ತೆರಿಗೆಯನ್ನು ವಸೂಲು ಮಾಡತೊಡಗಿದರು. 2016ರಲ್ಲಿ 57 ಕಿ.ಮೀ. ಉದ್ದದ ಗಾಟ್‌ಹಾರ್ಡ್ ತಳಸುರಂಗವನ್ನು ತೆರೆದರು. ಅಲ್ಲಿ ಪರ್ವತವನ್ನು ದಾಟುವ ಸರಕಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ರೈಲಿನಲ್ಲಿ ಹೋಗುತ್ತದೆ.

ಬ್ರೆನ್ನರ್‌ನಲ್ಲಿಯೂ ಇಂತಹುದೇ ಸುರಂಗವು ಸಿದ್ಧವಾಗುತ್ತಿದೆ. ಇನ್ಸ್‌ಬ್ರುಕ್‌ನಿಂದ ಇಟಲಿಯ ಫೋರ್ಟೆತ್ಸಾವರೆಗೆ ಅದರ ಉದ್ದ 55 ಕಿ.ಮೀ. ಅದರ ಅನ್ವೇಷಣ ಸುರಂಗವು 2025ರ ಸೆಪ್ಟೆಂಬರಿನಲ್ಲಿ ಎರಡು ದೇಶಗಳ ನಡುವೆ ಕೂಡಿಕೊಂಡಿತು. ರೈಲುಗಳು 2032ರಲ್ಲಿ ಓಡಬೇಕೆಂದು ಯೋಜಿಸಿದ್ದಾರೆ. 1867ರಲ್ಲಿ ತೆರೆದ ಹಳೆಯ ರೈಲುದಾರಿಯು ಘಟ್ಟದ ನೆತ್ತಿಯವರೆಗೂ ಏರಿ ಇಳಿಯುತ್ತದೆ. ಅದರ ಏರು ಸಾವಿರ ಮೀಟರಿಗೆ 26 ಮೀಟರಿನಷ್ಟಿದೆ. ಹೊಸ ಸುರಂಗದಲ್ಲಿ ಅದು 7ನ್ನು ಮೀರುವುದಿಲ್ಲ. 1,000 ಟನ್ನಿನ ರೈಲನ್ನು ಹಳೆಯ ಹಾದಿಯಲ್ಲಿ ಏರಿಸಲು ಸುಮಾರು 2,74,000 ನ್ಯೂಟನ್ ಬಲ ಬೇಕು. ಒಂದೇ ಎಂಜಿನ್ನಿನ ಚಕ್ರಗಳು ಹಳಿಯ ಮೇಲೆ ಜಾರದೆ ಇಷ್ಟು ಬಲವನ್ನು ಒದಗಿಸುವುದು ಕಷ್ಟ. ಭಾರದ ರೈಲುಗಳಿಗೆ ಎರಡು ಮೂರು ಎಂಜಿನ್ನುಗಳನ್ನು ಜೋಡಿಸುವುದು ಇದಕ್ಕಾಗಿಯೇ. ಸುರಂಗದಲ್ಲಿ 88,000 ನ್ಯೂಟನ್, ಅಂದರೆ ಹೆಚ್ಚುಕಡಮೆ ಮೂರನೆಯ ಒಂದು ಪಾಲು ಸಾಕು. ಇದಲ್ಲದೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರವು ಉರುಳುವಾಗ ಆಗುವ ತಡೆಯು ರಬ್ಬರಿನ ಟೈರಿನ ತಡೆಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಮೆಯಿರಬಹುದು.

ಹಾಗಾದರೆ ಎಲ್ಲ ಸರಕನ್ನೂ ರೈಲಿಗೇ ಹಾಕಬಾರದೇಕೆ? ರೈಲು ಕಾರ್ಖಾನೆಯ ಬಾಗಿಲಿಗೆ ಬರುವುದಿಲ್ಲ. ಪೂರ್ತಿ ಲೋಡಿನ ಹಿರಿಮೆಯೇ ಬಾಗಿಲಿನಿಂದ ಬಾಗಿಲಿಗೆ ತಲುಪುವುದರಲ್ಲಿದೆಯೆಂದು ಹೇಳಿದೆವಷ್ಟೆ. ಇವೆರಡನ್ನೂ ಕೂಡಿಸುವ ಉಪಾಯವೆಂದರೆ ಮುದ್ರೆಯೊತ್ತಿದ ಟ್ರೈಲರನ್ನು ಹಾಗೆಯೇ ರೈಲಿನ ಮೇಲೇರಿಸಿ ಬೆಟ್ಟವನ್ನು ದಾಟಿಸುವುದು. ಕೊಂಕಣ ರೈಲ್ವೆಯು ಮಹಾರಾಷ್ಟ್ರದ ಕೋಲಾಡಿನಿಂದ ನಮ್ಮ ಸುರತ್ಕಲ್ಲಿನವರೆಗೆ ಲಾರಿಗಳನ್ನು ಹೊತ್ತು ಸಾಗಿಸಿರುವುದನ್ನು ಕರಾವಳಿಯ ಓದುಗರು ಬಲ್ಲರು. ಆದರೆ ಲಾರಿಯನ್ನು ಇಡಿಯಾಗಿ ಏರಿಸಿದರೆ ಎಳೆಯುವ ಬಂಡಿಯ ಏಳೆಂಟು ಟನ್ನನ್ನೂ ರೈಲು ಹೊರಬೇಕು; ಟ್ರೈಲರನ್ನಷ್ಟೇ ಏರಿಸುವುದು ಹೆಚ್ಚು ಲಾಭಕರ. ಸುರಂಗವೊಂದೇ ಸಾಲದು, ಅದಕ್ಕೆ ಸೇರುವ ಹಾದಿಗಳೂ ಬೇಕು. ಜರ್ಮನಿಯ ಕಡೆಯ ಸಂಪರ್ಕ ಮಾರ್ಗವು 2025ರಲ್ಲಿಯೂ ಯೋಜನೆಯ ಹಂತದಲ್ಲಿಯೇ ಇದ್ದಿತು. ನಡುವಿನ ಕೊಳವೆಯು ಎಷ್ಟೇ ಅಗಲವಾಗಿದ್ದರೂ ಹರಿವನ್ನು ನಿಶ್ಚಯಿಸುವುದು ಅತ್ಯಂತ ಇಕ್ಕಟ್ಟಾದ ಭಾಗವೇ ಅಲ್ಲವೆ?

ಘಟ್ಟದ ಎರಡು ಕಡೆಗಳಲ್ಲೂ ಗುರುತ್ವಾಕರ್ಷಣೆ ಒಂದೇ. 40 ಟನ್ನನ್ನು 800 ಮೀಟರ್ ಎತ್ತುವ ಬೆಲೆಯನ್ನು ಯಾರಾದರೂ ತೆರಲೇಬೇಕು. ಅದರಲ್ಲಿ ಡೀಸೆಲಿನ ಬೆಲೆಯನ್ನು ವರ್ತಕನು ತೆರುತ್ತಾನೆ, ರಸ್ತೆಯ ಸವೆತವನ್ನು ದೇಶದ ಬೊಕ್ಕಸವು ತೆರುತ್ತದೆ, ಹೊಗೆಯ ಬೆಲೆಯನ್ನು ಕಣಿವೆಯ ಮಗುವಿನ ಎದೆಗೂಡು ತೆರುತ್ತದೆ. ಈ ಮೂರನ್ನು ಹೇಗೆ ಹಂಚಬೇಕೆಂಬುದನ್ನು ಭೌತವಿಜ್ಞಾನವು ಹೇಳಲಾರದು. ಅದು ನೆರೆಹೊರೆಯವರು ಕುಳಿತು ತೀರ್ಮಾನಿಸಬೇಕಾದ ಮಾತು. ಆದರೆ ಪಾಲು ಮಾಡುವುದಕ್ಕೆ ಮೊದಲು ಒಟ್ಟು ಮೊತ್ತವೆಷ್ಟೆಂದು ತಿಳಿದಿರಬೇಕು. ಆ ಲೆಕ್ಕವನ್ನು ವಿದ್ಯಾರ್ಥಿಯೊಬ್ಬನು ತನ್ನ ನೋಟುಪುಸ್ತಕದ ಎರಡು ಪುಟಗಳಲ್ಲಿ ಮಾಡಬಲ್ಲನೆಂಬುದನ್ನು ನಾವು ಈಗ ನೋಡಿದೆವು.